ಕಾರಿನ ಮೂಲಪತ್ರ

ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಮನೆ ಕೊಳ್ಳಹೊರಟವರು ಮೊದಲು ಕೇಳುವುದು ಮೂಲಪತ್ರವನ್ನು. ಕ್ರಯಪತ್ರ ಯಾರಿಂದ ಯಾರಿಗೆ ಆಯಿತು, ಅಣ್ಣತಮ್ಮಂದಿರಲ್ಲಿ ವಿಭಾಗಪತ್ರ ಆಗಿದೆಯೇ, ಖಾತೆ ಯಾರ ಹೆಸರಿನಲ್ಲಿದೆ, ಋಣಭಾರ ಪತ್ರ ಎಷ್ಟು ವರ್ಷಗಳದ್ದು ಎಂದೆಲ್ಲ ವಿಚಾರಿಸದೆ ಮುಂಗಡ ಕೊಡುವವರಿಲ್ಲ. ಆದರೆ ಅದೇ ಮನೆಯ ಷೆಡ್ಡಿನಲ್ಲಿ ದಶಕಗಳಿಂದ ನಿಂತಿರುವ ಹಳೆಯ ಬ್ರಿಟಿಷ್ ಕಾರಿನ ಪ್ರಸ್ತಾಪ ಬಂದಾಗ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. "ಇದು ಮಹಾರಾಜರ ಕಾರಂತೆ" ಎಂದು ಯಾರೋ ಅಂದರೆ ಸಾಕು, ಎಲ್ಲರೂ ತಲೆದೂಗುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ!

ಕಾರುಗಳ ವಿಷಯದಲ್ಲಿ ನಾನೇನೂ ಪರಿಣತನಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಂಜಿಎ ಎಂಬ ಎರಡು ಆಸನದ ಕಾರೊಂದನ್ನು ಕೊಂಡು, ಅದರೊಡನೆ ಬಂದ ಕಾಗದದ ಕಟ್ಟನ್ನು ಚಾಮರಾಜಪೇಟೆಯ ನಮ್ಮ ಮನೆಗೆ ತಂದ. ಅದರಲ್ಲಿದ್ದ ಕನ್ನಡದ ಕೈಬರಹದ ರಸೀತಿಗಳನ್ನು ಓದಿಕೊಡಿ ಎಂಬುದು ಅವನ ಕೋರಿಕೆ. ಅಂದಿನಿಂದ ಈ ವಿಷಯ ನನ್ನನ್ನು ಹಿಡಿದುಕೊಂಡಿದೆ.

ಇಂಥ ಕಾರಿನ ಚರಿತ್ರೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಕಾರ್ಖಾನೆಯ ಭಾಗ. ಅದನ್ನು ತಿಳಿಯುವುದು ಕಷ್ಟವಲ್ಲ. ಎಂಜಿ ಕಾರುಗಳು 1929ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಪಟ್ಟಣದಲ್ಲಿ ತಯಾರಾದವು. 1955ರಿಂದ 1962ರವರೆಗೆ ಎಂಜಿಎ ಒಂದು ಲಕ್ಷಕ್ಕೂ ಮಿಗಿಲಾಗಿ ತಯಾರಾಗಿ, ಬಹುಪಾಲು ಅಮೆರಿಕಕ್ಕೆ ಹೋಯಿತು. ಮೊದಲ ಮಾದರಿಯಲ್ಲಿ ಷಾಸಿ ಸಂಖ್ಯೆಯ ಮುಂದಿರುವ ಅಕ್ಷರ, ಅಂಕಿಗಳಲ್ಲಿಯೇ ಮೂಲ ಬಣ್ಣವೂ ಯಾವ ಮಾರುಕಟ್ಟೆಗೆ ಕಳುಹಿಸಿದರೆಂಬುದೂ ಅಡಗಿವೆ. ಇಂದು ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿಗೆ ಶುಲ್ಕ ತೆತ್ತರೆ, ಕಾರ್ಖಾನೆಯ ಹಳೆಯ ಖಾತೆಪುಸ್ತಕ ನೋಡಿ, ಕಾರು ತಯಾರಾದ ದಿನಾಂಕ, ಎಂಜಿನ್ ಸಂಖ್ಯೆ, ಬಣ್ಣ ಮುಂತಾದುವನ್ನು ಪ್ರಮಾಣೀಕರಿಸಿ ಕಳುಹಿಸುತ್ತಾರೆ.

ಎರಡನೆಯದು ನಮ್ಮ ಭಾಗ. ಕಾರು ನಮ್ಮ ನೆಲಕ್ಕೆ ಇಳಿದ ಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಎಳೆ ತಪ್ಪುವುದು ಇಲ್ಲಿಯೇ. ಹಿಂದೆ ಆರ್.ಸಿ. ಎಂಬುದು ನಿಜಕ್ಕೂ ಒಂದು ಪುಸ್ತಕವಾಗಿತ್ತು. ಮಾಲೀಕರು ಬದಲಾದಾಗಲೆಲ್ಲ ಹೊಸ ಹೆಸರು, ವಿಳಾಸ, ದಿನಾಂಕ, ಅಧಿಕಾರಿಯ ರುಜು, ಮೊಹರು ಅದರಲ್ಲಿ ಸೇರುತ್ತಿದ್ದವು. ಈಗ ಅದರ ಸ್ಥಾನದಲ್ಲಿ ಕಾರ್ಡು ಬಂದಿದೆ. ಈತ ಎಷ್ಟನೆಯ ಮಾಲೀಕ ಎಂಬ ಅಂಕಿಯನ್ನು ಕಾರ್ಡು ಹೇಳುತ್ತದೆ. ಹಿಂದಿನವರು ಯಾರೆಂದು ಹೇಳುವುದಿಲ್ಲ. ಪುಸ್ತಕವನ್ನು ಒಪ್ಪಿಸಿ ಕಾರ್ಡು ಪಡೆದವರು, ಪ್ರತಿ ತೆಗೆದಿಟ್ಟುಕೊಂಡಿರದಿದ್ದರೆ, ವಂಶಾವಳಿಯನ್ನು ಕೊಟ್ಟು ಒಂದು ಅಂಕಿಯನ್ನು ತಂದಂತಾಯಿತು.

ಹಾಗೆಂದು ಪುಸ್ತಕದಲ್ಲಿದ್ದುದೆಲ್ಲವೂ ಪೂರ್ಣಸತ್ಯವೆನ್ನಲಾಗದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ವರ್ಗಾವಣೆಯನ್ನು ವರದಿ ಮಾಡಬೇಕು. ಆಚರಣೆಯ ರೀತಿಯೇ ಬೇರೆ. ದಿನಾಂಕವಿಲ್ಲದೆ ರುಜು ಹಾಕಿದ 29 ಮತ್ತು 30ನೆಯ ನಮೂನೆಗಳು ಕಾರಿನೊಡನೆಯೇ ಕೈ ಬದಲಿಸುತ್ತ ಹೋಗುವುದುಂಟು. ಮೂವರು ಓಡಿಸಿದ ಕಾರು ದಾಖಲೆಯಲ್ಲಿ ಒಬ್ಬರದೇ ಆಗಿ ಉಳಿಯುತ್ತದೆ. ಆದ್ದರಿಂದ ವಿಮೆಯ ಕಾಗದ, ತೆರಿಗೆಯ ರಸೀತಿ, ಗ್ಯಾರೇಜಿನ ಬಿಲ್ಲು, ಬಾನೆಟ್ಟಿನ ಮೇಲೆ ಮಕ್ಕಳನ್ನು ಕೂರಿಸಿ ತೆಗೆದ ಫೋಟೋ ಇವೆಲ್ಲವನ್ನೂ ಜೋಡಿಸಿ ನೋಡಬೇಕು. ಶಾಸನವನ್ನು ಓದುವವರು ಮಾಡುವ ಕೆಲಸವೇ ಇದು: ಒಂದು ಸಾಕ್ಷ್ಯವನ್ನು ಮತ್ತೊಂದರ ಪಕ್ಕದಲ್ಲಿರಿಸಿ ತೂಗುವುದು.

ನನ್ನ ವಿದ್ಯಾರ್ಥಿಯ ಕಾರಿನಲ್ಲಿರುವುದು ಅಂಬಾಸಡರಿನ ಎಂಜಿನ್. ಅವನಿಗೆ ಅದೊಂದು ಕಳಂಕವೆನಿಸಿತ್ತು. ನಾನು ಒಪ್ಪಲಿಲ್ಲ. ಎಂಜಿಎಯ ಮೊದಲ ಎಂಜಿನ್ 1489 ಸಿ.ಸಿ.ಯದು; ಅನೇಕ ವರ್ಷ ನಮ್ಮ ಅಂಬಾಸಡರನ್ನು ನಡೆಸಿದ ಎಂಜಿನ್ನೂ ಅಷ್ಟೇ ಗಾತ್ರದ್ದು, ಅದೇ ಬ್ರಿಟಿಷ್ ಕುಟುಂಬದ್ದು. ವಿದೇಶಿ ಬಿಡಿಭಾಗಗಳು ದುರ್ಲಭವಾಗಿದ್ದ ಕಾಲದಲ್ಲಿ ದಾಯಾದಿಯ ಹೃದಯವನ್ನು ತಂದು ಕೂರಿಸಿ ಕಾರನ್ನು ಬದುಕಿಸಿದ ಮೆಕ್ಯಾನಿಕ್ಕನ ಬುದ್ಧಿ ಸಾಮಾನ್ಯವೇ? ಕಟ್ಟಿನಲ್ಲಿದ್ದ ರಸೀತಿಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಕೆಲಸದ ಲೆಕ್ಕದ ಚೀಟಿ. ಆದರೆ ಮಾರುವವರು ಮೊದಲು ಹರಿದೆಸೆಯುವುದು ಇಂಥ ಚೀಟಿಯನ್ನೇ. ಅರಮನೆಯ ಹೆಸರು ಬೆಲೆಯನ್ನು ಏರಿಸುತ್ತದೆ, ಜೆ.ಸಿ. ರಸ್ತೆಯ ರಸೀತಿ ಇಳಿಸುತ್ತದೆ ಎಂಬ ಭಯ ಅವರಿಗೆ.

ಶ್ರೀಮಂತರ ಆಟಿಕೆಯ ಚರಿತ್ರೆಯಿಂದ ನಮಗೇನು ಪ್ರಯೋಜನವೆಂದು ಕೇಳುವವರಿದ್ದಾರೆ. ಕೇಳಲಿ. ಆದರೆ ಒಂದು ಕಾರಿನ ಮಾಲೀಕರ ಪಟ್ಟಿ ಒಂದು ಊರಿನ ಚರಿತ್ರೆಯೂ ಹೌದು. ಯಾವ ಬಡಾವಣೆಯಲ್ಲಿ, ಯಾವ ಉದ್ಯೋಗದವರು, ಯಾವ ವರ್ಷ ಕಾರು ಕೊಳ್ಳಬಲ್ಲವರಾದರು. ದಂಡಿನ ಕಡೆಯ ಕಾರು ಪೇಟೆಯ ಕಡೆಗೆ ಎಂದು ದಾಟಿತು ಎಂಬುದನ್ನು ಆ ಪಟ್ಟಿ ಹೇಳಬಲ್ಲದು. ಹಳೆಯ ಬಂಗಲೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಕಾರು ಹೇಗೋ ಹೊಸ ಯಜಮಾನನನ್ನು ಸೇರುತ್ತದೆ. ಟ್ರಂಕಿನ ಕಾಗದಗಳು ಮಾತ್ರ ಹಳೆಯ ಪೇಪರಿನವನ ತಕ್ಕಡಿಗೆ ಹೋಗುತ್ತವೆ.

ಬ್ರಿಟಿಷರೇ ಈ ವಿಷಯದಲ್ಲಿ ಎಡವಿದರು. 1970ರ ದಶಕದಲ್ಲಿ ವಾಹನ ನೋಂದಣಿಯನ್ನು ಸ್ವಾನ್ಸಿಯ ಕೇಂದ್ರ ಕಚೇರಿಯ ಕಂಪ್ಯೂಟರಿಗೆ ಒಯ್ಯುವಾಗ ಸ್ಥಳೀಯ ಕೌನ್ಸಿಲ್ಲುಗಳ ಹಳೆಯ ನೋಂದಣಿ ಪುಸ್ತಕಗಳಲ್ಲಿ ಎಷ್ಟೋ ನಾಶವಾದವು. ಅಳಿದುಳಿದವು ಪತ್ರಾಗಾರಗಳನ್ನು ಸೇರಿದವು. ಈಗ ಅಲ್ಲಿನ ಹವ್ಯಾಸಿಗಳು ಒಂದೊಂದು ಪುಟಕ್ಕೂ ಹಾತೊರೆಯುತ್ತಾರೆ. ಅವರ ಕಾರುಗಳನ್ನು ಅಷ್ಟು ಅಕ್ಕರೆಯಿಂದ ಉಳಿಸಿಕೊಂಡಿರುವ ನಾವು ಅವರ ತಪ್ಪನ್ನು ಮತ್ತೆ ಮಾಡುವುದು ಬೇಡ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಹೊಸದಾಗಿ ನೋಂದಾಯಿಸಿದರೆ ‘ವಿಎ’ ಎಂಬ ಅಕ್ಷರಗಳ ಫಲಕ, 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಎಂವೈ ಅಕ್ಷರಗಳಿಂದ ಆರಂಭವಾಗುವ ಹಳೆಯ ಮೈಸೂರಿನ ಫಲಕಗಳು ಇದರಿಂದ ಉಳಿಯುತ್ತವೆ, ಸಂತೋಷ. ಆದರೆ ಫಲಕದ ಹಿಂದಿನ ಹೆಸರುಗಳೂ ಉಳಿಯಬೇಡವೇ?

ನನ್ನ ಅಭಿಪ್ರಾಯ ಇಷ್ಟೇ. ಸಾರಿಗೆ ಕಚೇರಿಗಳಲ್ಲಿ ಹಳೆಯ ನೋಂದಣಿ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವುಗಳನ್ನು ವಿಲೇವಾರಿ ಮಾಡುವ ಬದಲು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬೇಕು. ಬದುಕಿರುವವರ ಖಾಸಗಿತನಕ್ಕೆ ಧಕ್ಕೆಯಾಗದಂತೆ, 50 ವರ್ಷ ಹಿಂದಿನ ನಮೂದುಗಳನ್ನು ಮಾತ್ರ ತೆರೆದಿಡಲಿ. ಕಾರು ಮಾರುವ ಕುಟುಂಬದವರು ಕೀಲಿಕೈಯೊಡನೆ ಕಾಗದದ ಕಟ್ಟನ್ನೂ ಕೊಡಲಿ. ತಾವೊಂದು ಪ್ರತಿ ಇಟ್ಟುಕೊಳ್ಳಲಿ. ಕೊಳ್ಳುವವರು, ಕಾಗದವಿಲ್ಲದ ಮಹಾರಾಜನಿಗಿಂತ ಕಾಗದವಿರುವ ಗುಮಾಸ್ತನೇ ಮೇಲೆಂದು ತಿಳಿಯಲಿ.

ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದು ಹಳೆಯ ಆರ್.ಸಿ. ಪುಸ್ತಕವಿದ್ದರೆ ದಯವಿಟ್ಟು ಈ ವಾರವೇ ಕೆಳಗಿಳಿಸಿ, ಧೂಳು ಕೊಡವಿ, ಅದರಲ್ಲಿರುವ ಹೆಸರುಗಳನ್ನು ಓದಿ. ಮನೆಯ ಹಿರಿಯರಿಗೆ ಓದಿ ಹೇಳಿ. ಆ ಹೆಸರುಗಳನ್ನು ಗುರುತಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.