ಸರಾಸರಿಯಲ್ಲಿ ಕಾಣದ ಊರುಗಳು

ಮಹಾರಾಷ್ಟ್ರದ ಸಾಂಗಲಿಯ ಪಕ್ಕದಲ್ಲೇ, ಕೃಷ್ಣೆಯ ದಂಡೆಗೆ ಕಸಬೆ ಡಿಗ್ರಜ ಇದೆ. ಮಿರಜ ತಾಲೂಕಿನ ಈ ಹೊಳೆಸಾಲಿನಲ್ಲಿ ನೀರಿಗೆ ಬರವಿಲ್ಲ. ಕಬ್ಬಿಗೆ ಹಾಯಿಸಿದ ನೀರೇ ಅತಿಯಾಗಿ, ಸವಳು ಏರಿ, ಎಷ್ಟೋ ಕರಿಮಣ್ಣಿನ ಹೊಲಗಳು ಕೆಟ್ಟಿವೆ. ಅದೇ ಸಾಂಗಲಿ ಜಿಲ್ಲೆಯ ಪೂರ್ವದ ತುದಿಗೆ ಜತ್ತ. ಅಲ್ಲಿನ ಕನ್ನಡದ ಹಳ್ಳಿಗಳು ಬೇಸಿಗೆ ಬಂದರೆ ಟ್ಯಾಂಕರ್ ದಾರಿ ಕಾದಿವೆ; ನೀರು ಕೊಡಿ, ಇಲ್ಲವೇ ಕರ್ನಾಟಕಕ್ಕೆ ಸೇರಿಸಿ ಎಂದು ಠರಾವು ಮಾಡಿದ್ದೂ ಉಂಟು. ಎರಡನ್ನೂ ಕೂಡಿಸಿ ಜಿಲ್ಲೆಯ ಸರಾಸರಿ ತೆಗೆದರೆ ಸವಳೂ ಕಾಣದು, ಬಾಯಾರಿಕೆಯೂ ಕಾಣದು.

ಸರಾಸರಿ ಹೀಗೆ ಮರೆಮಾಚುವಾಗ, ಪ್ರಾದೇಶಿಕ ಯೋಜನೆಯನ್ನು ಕಲಿಸುತ್ತ ಜೀವ ಸವೆಸಿದ ಪ್ರಾಧ್ಯಾಪಕನ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ? ಆತ ಯಾವ ಅಳತೆಗೋಲು ಹಿಡಿದ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಸಾತಾರದಲ್ಲಿ ಹುಟ್ಟಿ ಪುಣೆಯ ಗೋಖಲೆ ಸಂಸ್ಥೆಯಲ್ಲಿ ದುಡಿದ ವಿ. ಎಂ. ದಾಂಡೇಕರ್ ದೊಡ್ಡ ವಿದ್ವಾಂಸರು. ನೀಲಕಂಠ ರಥ್ ಜೊತೆ ಅವರು ಮಾಡಿದ ಬಡತನದ ಅಧ್ಯಯನ ದೇಶದ ಕಣ್ಣು ತೆರೆಸಿತು. ಆದರೆ ಮಹಾರಾಷ್ಟ್ರದ ಪ್ರಾದೇಶಿಕ ಅಸಮತೋಲನ ಕುರಿತ ಅವರ ಸಮಿತಿಯ 1984ರ ವರದಿ ಕೊರತೆಯನ್ನು ಜಿಲ್ಲೆಯ ಲೆಕ್ಕದಲ್ಲಿ ಅಳೆಯಿತು. ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿಸಿದ ಡಿ. ಎಂ. ನಂಜುಂಡಪ್ಪನವರು ತಾಲೂಕಿಗೇ ಇಳಿದರು. 35 ಸೂಚಕ ಹಿಡಿದು ಕರ್ನಾಟಕದ 175 ತಾಲೂಕುಗಳನ್ನು ತೂಗಿದ ಅವರ 2002ರ ವರದಿಯಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅದರಲ್ಲೂ 21 ಕಲಬುರಗಿ ವಿಭಾಗದವು. ಹಿಂದುಳಿದ ತಾಲೂಕು ದಕ್ಷಿಣದಲ್ಲೂ ಇದೆಯೆಂದು ಹೇಳುವ ಪ್ರಾಮಾಣಿಕತೆ ಆ ಅಳತೆಗಿತ್ತು.

ಅಳೆದ ಮಾತ್ರಕ್ಕೆ ಊರು ಉದ್ಧಾರವಾಯಿತೇ ಎಂದು ಕೇಳಬಹುದು. ಆಗಲಿಲ್ಲ. ವಿಶೇಷ ಅಭಿವೃದ್ಧಿ ಯೋಜನೆ ಬಂತು, ಹಣವೂ ಹರಿಯಿತು. ಆದರೂ ಅಂತರ ಉಳಿದು 2024ರಲ್ಲಿ ಅಸಮತೋಲನ ಅಳೆಯಲು ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಸಮಿತಿಯನ್ನು ನೇಮಿಸಬೇಕಾಯಿತು. ಆದರೆ ಇಂದು ಯಾದಗಿರಿಯವನೊಬ್ಬ ಸರ್ಕಾರವನ್ನು ಪ್ರಶ್ನಿಸುವಾಗ ಅವನ ಕೈಯಲ್ಲಿ ತನ್ನ ತಾಲೂಕಿನ ಅಂಕಿಯಿದೆ. ಅದು ಸಣ್ಣ ಬಲವಲ್ಲ.

ಮೊದಲು ಹೇಳಿದ ಡಿಗ್ರಜದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಬೆಳೆದುಬಂದ ಸೋಯಾ ತಳಿ ಕೆ.ಡಿ.ಎಸ್. 726, ಹೆಸರಿನಲ್ಲೇ ಊರನ್ನು ಹೊತ್ತು, ಗಡಿ ದಾಟಿ ಕರ್ನಾಟಕದ ಹೊಲಕ್ಕೂ ಬಂದಿದೆ. ಬೀಜಕ್ಕಿರುವ ಈ ದಾರಿ ಯೋಜನೆಯ ವಿದ್ಯೆಗೂ ಬೇಕು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವೂ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಕೃಷ್ಣೆಯ ಸೀಮೆಯವೇ. ಎರಡರ ಅರ್ಥಶಾಸ್ತ್ರ ವಿಭಾಗಗಳೂ ತಮ್ಮ ಹುಡುಗರನ್ನು ಒಂದೇ ತಂಡವಾಗಿ ಡಿಗ್ರಜದಿಂದ ಜತ್ತದವರೆಗೆ, ಅಲ್ಲಿಂದ ವಿಜಯಪುರದವರೆಗೆ, ಹಳ್ಳಿ ಹಳ್ಳಿಯನ್ನು ಅಳೆಯಲು ಕಳಿಸಲಿ.