ಪಿಕಪ್ ಅಂದ್ರೆ ಯಾವುದು ಗುರು? ಕರೆಂಟ್ ಗಾಡಿ ಬಗ್ಗೆ ನನ್ನ ಲೆಕ್ಕ

(1/4)
ಹೋದ ವಾರ ಸೈಬರ್‌ಟ್ರಕ್ ರೀಲ್ ಶೇರ್ ಮಾಡಿದ್ದಕ್ಕೆ ಕಾಮೆಂಟ್‌ನಲ್ಲಿ ಯುದ್ಧನೇ ಆಯ್ತು. ಅರ್ಧ ಜನ "ಡೀಸೆಲ್ ಸತ್ತೋಯ್ತು ಮಗಾ" ಅಂದ್ರಿ. ಇನ್ನರ್ಧ ಜನ "ಇವಿ ಎಲ್ಲಾ ಆಟದ ಸಾಮಾನು, ಲೋಡ್ ಹಾಕಿದ್ರೆ ಕೂತ್ಕೊಳ್ಳುತ್ತೆ" ಅಂದ್ರಿ. ಎರಡೂ ಕಡೆ ನಮ್ಮ ಆಟೋಮೊಬೈಲ್ ಕ್ಲಾಸ್‌ನವರೇ ಇದ್ದೀರಿ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಓದೋಕೆ ಟೈಮ್ ಇಲ್ದಿದ್ರೆ ಸೇವ್ ಮಾಡ್ಕೊಳ್ಳಿ.

ಮೊದಲು ಒಂದು ಮಾತು. ನಿಮಗೆ ಪಿಕಪ್ ಅಂದ್ರೆ ಹೈಲಕ್ಸ್, ರಾಪ್ಟರ್, ದೊಡ್ಡ ಟೈರು, ಮಣ್ಣಲ್ಲಿ ಡ್ರಿಫ್ಟು. ನನಗೂ ಅವು ಇಷ್ಟ, ವಾಲ್‌ಪೇಪರ್ ಅದೇ ಇದೆ. ಆದ್ರೆ ಕೋಲಾರದ ಮಂಡಿ ಗೇಟಲ್ಲಿ ನಿಂತು "ಪಿಕಪ್ ಬಂತಾ?" ಅಂತ ಕೇಳಿದ್ರೆ ಎಲ್ಲರೂ ತೋರ್ಸೋದು ಬಿಳೀ ಬೊಲೆರೊ ಪಿಕಪ್ಪನ್ನ. ಕ್ಯಾಬಿನ್‌ಗಿಂತ ಎತ್ತರಕ್ಕೆ ಟೊಮ್ಯಾಟೊ ಬಾಕ್ಸು, ಮೇಲೊಂದು ಹಗ್ಗ, ಹಿಂದೆ ಯಾರದೋ ಮಕ್ಕಳ ಹೆಸರು. ನಮ್ಮಪ್ಪ ಓಡ್ಸೋದು ಅದೇ. 2016ರ ಗಾಡಿ. ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ಪ್ರತಿ ವರ್ಷ ಮಾಡಿಸ್ಬೇಕು, ಈ ಸಲದ್ದು ಮುಂದಿನ ತಿಂಗಳು ಮುಗಿಯುತ್ತೆ. ಎಂಜಿನ್ ಹೊಗೆ ಬಿಡ್ತಿದೆ. ಮೊನ್ನೆ ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು: "ಏನೋ, ಸೆಮಿನಾರಲ್ಲಿ ಕರೆಂಟ್ ಗಾಡಿ ಬಗ್ಗೆ ಮಾತಾಡಿ ಮಾರ್ಕ್ಸ್ ತಗೊಂಡಲ್ಲ, ಈಗ ಹೇಳು, ಯಾವುದು ತಗೊಳ್ಳೋದು?"

ಸೆಮಿನಾರಲ್ಲಿ ಯಾರೂ ಇಎಂಐ ಕಟ್ಟಲ್ಲ. ನನಗೆ ಬಾಯಿ ಬರ್ಲಿಲ್ಲ.

(2/4)
ಅದಕ್ಕೇ ಒಂದು ತಿಂಗಳು ನೋಟ್‌ಬುಕ್ ಇಟ್ಟು ಗಾಡಿ ಓಡಿದ್ದನ್ನ ಬರ್ಕೊಂಡೆ. 30 ದಿನದಲ್ಲಿ 17 ದಿನ ತೋಟದಿಂದ ಮಂಡಿಗೆ, ಮಂಡಿಯಿಂದ ತೋಟಕ್ಕೆ, ದಿನಕ್ಕೆ ಸರಾಸರಿ 55 ಕಿಮೀ. 6 ದಿನ ಬೆಂಗಳೂರು, ಹೋಗಿ ಬರೋಕೆ 150. ಮೂರು ದಿನ ಸುಮ್ನೆ ನಿಂತಿತ್ತು. ಉಳಿದ ನಾಲ್ಕು ಚೆನ್ನೈ ಟ್ರಿಪ್ಪು, ಕೊಯಂಬೇಡು ಮಾರ್ಕೆಟ್‌ಗೆ, ಒಂದು ಕಡೆಗೇ ಸುಮಾರು 270 ಕಿಮೀ.

ಈಗ ಡೀಸೆಲ್ ಅಭಿಮಾನಿಗಳು ಕೇಳಿ. ನಮ್ಮ ಗಾಡಿ ಲೋಡು-ಖಾಲಿ ಎರಡೂ ಸೇರಿ ಲೀಟರಿಗೆ 12 ಕೊಡುತ್ತೆ. ಲೀಟರ್ 90 ರೂಪಾಯಿ ಹಿಡಿದ್ರೆ ಕಿಲೋಮೀಟರಿಗೆ ಏಳೂವರೆ ರೂಪಾಯಿ. ಅಷ್ಟೇ ಭಾರ ಹೊರೋ ಕರೆಂಟ್ ಗಾಡಿ ಕಿಲೋಮೀಟರಿಗೆ 0.3 ಯೂನಿಟ್ ತಿನ್ನುತ್ತೆ ಅಂತ ಧಾರಾಳವಾಗಿ ಹಿಡಿದು, ಯೂನಿಟ್‌ಗೆ 8 ರೂಪಾಯಿ ಹಾಕಿದ್ರೂ ಎರಡೂವರೆ ರೂಪಾಯಿ ದಾಟಲ್ಲ. ಆ 23 ದಿನದ ಓಡಾಟದಲ್ಲೇ ತಿಂಗಳಿಗೆ ಒಂಬತ್ತು ಸಾವಿರದ ಹತ್ತಿರ ಉಳಿಯುತ್ತೆ. ಆಯಿಲ್ ಚೇಂಜ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಮೋಟಾರ್ ಸೊನ್ನೆ ಸ್ಪೀಡಿಂದಲೇ ಪೂರ್ತಿ ಟಾರ್ಕ್ ಕೊಡುತ್ತೆ, ಅಂದ್ರೆ ತೋಟದ ಹಸಿ ಮಣ್ಣಲ್ಲಿ ಲೋಡ್ ಸಮೇತ ಏಳೋಕೆ ಹಾಫ್ ಕ್ಲಚ್ ಸುಡ್ಬೇಕಾಗಿಲ್ಲ. "ಎಳೆಯಲ್ಲ" ಅನ್ನೋ ಮಾತು ಬಿಟ್ಬಿಡಿ. ಎಳೆಯುತ್ತೆ. 2022ರಲ್ಲಿ ಬಂದ ಟಾಟಾ ಏಸ್ ಇವಿ 600 ಕೆಜಿ ಹೊರುತ್ತಿತ್ತು, 2024ರಲ್ಲಿ ಅದೇ ಗಾಡಿ ಒಂದು ಟನ್ನಿಗೆ ಬಂತು. ಒಂದೂವರೆ ಟನ್ ದಾಟಿ ಹೊರೋ ಕರೆಂಟ್ ಗಾಡಿಗಳೂ ಈಗ ಮಾರ್ಕೆಟ್ಟಲ್ಲಿವೆ.

(ಹಾಗಂತ ನಮ್ಮಲ್ಲಿ 1.3 ಟನ್ ಗಾಡಿಗೆ ಎರಡು ಟನ್ ಹಾಕೋದು ಗುಟ್ಟೇನಲ್ಲ. ಅದರ ಬಗ್ಗೆ ಇನ್ನೊಂದ್ ದಿನ ಬರೀತೀನಿ, ಅಪ್ಪ ಈ ಅಕೌಂಟ್ ನೋಡಲ್ಲ ಅನ್ನೋ ಧೈರ್ಯದಲ್ಲಿ.)

(3/4)
ಈಗ ಇವಿ ಅಭಿಮಾನಿಗಳ ಸರದಿ. ನನ್ನ ನೋಟ್‌ಬುಕ್‌ನಲ್ಲಿ ತಿಂಗಳಿಗೆ 4000 ಕಿಮೀ ಇದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ನಾಲ್ಕು ಚೆನ್ನೈ ಟ್ರಿಪ್ಪೇ. ಬಾಡಿಗೆ ದುಡ್ಡಲ್ಲೂ ಹತ್ತಿರಹತ್ತಿರ ಅರ್ಧ. ಅದೇ 0.3 ಲೆಕ್ಕದಲ್ಲಿ ಚೆನ್ನೈ ಮುಟ್ಟೋಕೆ 81 ಯೂನಿಟ್ ಬೇಕು. ಮನೇಲಿರೋ 15 ಆಂಪ್ ಸಾಕೆಟ್ ಗಂಟೆಗೆ ಕೊಡೋದು ಸುಮಾರು 3 ಯೂನಿಟ್. ಏಸ್ ಇವಿಯ 21.3 ಯೂನಿಟ್ ಬ್ಯಾಟರಿ ರಾತ್ರಿ ಮಲಗೆದ್ದು ಬರೋಷ್ಟರಲ್ಲಿ ತುಂಬುತ್ತೆ, ಸರಿ. 81 ಯೂನಿಟ್ ತುಂಬೋಕೆ 27 ಗಂಟೆ! ತ್ರೀ ಫೇಸ್ ಹಾಕಿಸು ಅಂತೀರಾ? ಹಳ್ಳೀಲಿ ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಬರೋದೇ ದಿನಕ್ಕೆ ಏಳು ಗಂಟೆ, ಅದೂ ಪಾಳಿ ಮೇಲೆ.

ದಾರೀಲಿ ಫಾಸ್ಟ್ ಚಾರ್ಜರ್ ಇದೆಯಲ್ಲ ಅಂತ ಕೇಳ್ಬೇಡಿ, ಇದೆ. ಟೊಮ್ಯಾಟೊ ಕಾಯಲ್ಲ. ಬೆಳಗಿನ ಜಾವದೊಳಗೆ ಮಾರ್ಕೆಟ್ ಮುಟ್ಟಿದ್ರೆ ಒಂದು ರೇಟು, ಎರಡು ಗಂಟೆ ಲೇಟಾದ್ರೆ ಇನ್ನೊಂದು ರೇಟು. ಆ ವ್ಯತ್ಯಾಸ ಮಾಲು ಕೊಟ್ಟವರು ಬಾಡಿಗೆಯಲ್ಲೇ ಹಿಡೀತಾರೆ.

ಇದು ಬರೀ ನಮ್ಮ ಬಡ ರಸ್ತೆ ಕಥೆ ಅಂದ್ಕೊಂಡ್ರೆ ಅಮೆರಿಕ ನೋಡಿ. ಫೋರ್ಡ್ ಎಫ್-150 ಲೈಟ್ನಿಂಗ್ 2022ರಲ್ಲಿ ರಸ್ತೆಗೆ ಬಂದಾಗ ನಾನು ಹುಚ್ಚನ ಥರ ಎಲ್ಲಾ ವಿಡಿಯೊ ನೋಡಿದ್ದೆ. ದೊಡ್ಡ ಬ್ಯಾಟರಿ 131 ಯೂನಿಟ್, ಅಂದ್ರೆ ಆರು ಏಸ್ ಇವಿ ಸೇರಿದಷ್ಟು. ಖಾಲಿ ಓಡಿದ್ರೆ 500 ಕಿಮೀ. ಹಿಂದೆ ದೊಡ್ಡ ಟ್ರೈಲರ್ ಕಟ್ಟಿದ್ರೆ ಸುಮಾರು ಅರ್ಧ. ಭಾರಕ್ಕಿಂತ ಜಾಸ್ತಿ ತಿನ್ನೋದು ಗಾಳಿ. ಎತ್ತರದ ಟ್ರೈಲರ್ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತೆ, ನಮ್ಮ ಟೊಮ್ಯಾಟೊ ಬಾಕ್ಸಿನ ಗೋಪುರದ ಥರಾನೇ. 2025ರ ಡಿಸೆಂಬರಲ್ಲಿ ಫೋರ್ಡ್ ಪೂರ್ತಿ ಎಲೆಕ್ಟ್ರಿಕ್ ಲೈಟ್ನಿಂಗ್ ತಯಾರಿ ನಿಲ್ಲಿಸ್ತಿದೀವಿ, ಮುಂದಿನದ್ರಲ್ಲಿ ಬ್ಯಾಟರಿ ಜೊತೆ ಚಾರ್ಜ್ ಮಾಡೋಕೆ ಒಂದು ಪೆಟ್ರೋಲ್ ಎಂಜಿನ್ನೂ ಇರುತ್ತೆ ಅಂತು. ರಾಮ್ ಕಂಪನಿ ಅದಕ್ಕೂ ಮುಂಚೆನೇ ಪೂರ್ತಿ ಎಲೆಕ್ಟ್ರಿಕ್ ಪಿಕಪ್ ಕೈಬಿಟ್ಟು ಇದೇ ದಾರಿ ಹಿಡಿದಿತ್ತು. ಹೊಸ ಹೈಲಕ್ಸ್ ಎಲೆಕ್ಟ್ರಿಕ್ ಕೂಡ ಬಂತಲ್ಲ, 59.2 ಯೂನಿಟ್ ಬ್ಯಾಟರಿ, ಕಾಗದದ ಮೇಲೆ 240 ಕಿಮೀ, ಹೊರೋದು ಸುಮಾರು 715 ಕೆಜಿ. ಹೈಲಕ್ಸ್ ಅನ್ನೋ ಹೆಸರಿಗೆ ಇದು ಸಾಲದು ಅಂತ ನನಗನ್ಸುತ್ತೆ. ಬೈಕೊಳ್ಳಿ ಪರವಾಗಿಲ್ಲ.

ಕಾರಣ ಕ್ಲಾಸಲ್ಲೇ ಕಲ್ತಿದೀವಿ. 50 ಲೀಟರ್ ಡೀಸೆಲ್ ತೂಕ ಸುಮಾರು 42 ಕೆಜಿ, ಅದರಲ್ಲಿರೋ ಶಕ್ತಿ ಸುಮಾರು 500 ಯೂನಿಟ್. ಎಂಜಿನ್ ಮೂರರಲ್ಲಿ ಎರಡು ಪಾಲು ಬಿಸಿ ಮಾಡಿ ಬಿಸಾಕಿದ್ರೂ 160ಕ್ಕಿಂತ ಜಾಸ್ತಿ ಚಕ್ರಕ್ಕೆ ಸಿಗುತ್ತೆ. ಅಷ್ಟು ಹಿಡಿಯೋ ಬ್ಯಾಟರಿ ಇವತ್ತು ಒಂದು ಟನ್ ತೂಗುತ್ತೆ. ಒಂದು ಟನ್ ಅಂದ್ರೆ 15 ಕೆಜಿಯ 66 ಬಾಕ್ಸು. ಆ 66 ಬಾಕ್ಸಿನ ಬಾಡಿಗೆ ಯಾರು ಕೊಡ್ತಾರೆ?

(4/4)
ನನಗೆ ಬೇಕಾಗಿರೋ ಪಿಕಪ್ ಹೇಗಿರ್ಬೇಕು? 40-45 ಯೂನಿಟ್ ಬ್ಯಾಟರಿ, ಒಂದೂವರೆ ಟನ್ ಲೋಡು, ಮಂಡಿ ಓಡಾಟ ಪೂರ್ತಿ ಕರೆಂಟಲ್ಲಿ. ದೂರದ ಟ್ರಿಪ್ಪಿಗೆ ಬ್ಯಾಟರಿ ತುಂಬೋಕೆ ಚಿಕ್ಕ ಎಂಜಿನ್ನು. ಕಂಪನಿ ರೇಂಜ್ ಹೇಳುವಾಗ ಫುಲ್ ಲೋಡಿಂದು ಹೇಳ್ಬೇಕು, ಖಾಲಿ ಗಾಡೀದಲ್ಲ. ದೊಡ್ಡ ಸ್ಕ್ರೀನ್ ಬೇಡ. ಅಮೆರಿಕದಲ್ಲಿ ಸ್ಲೇಟ್ ಅಂತ ಒಂದು ಪಿಕಪ್ 2025ರಲ್ಲಿ ತೋರಿಸಿದ್ರು, ಎರಡೇ ಸೀಟು, ಪೇಂಟೇ ಇಲ್ಲದ ಪ್ಲಾಸ್ಟಿಕ್ ಬಾಡಿ, ಕಿಟಕಿ ಕೈಯಲ್ಲೇ ತಿರುಗಿಸ್ಬೇಕು. ಎಲ್ಲರೂ ನಕ್ರು. ನನಗೆ ಸೈಬರ್‌ಟ್ರಕ್‌ಗಿಂತ ಅದೇ ಇಷ್ಟ ಆಯ್ತು, ಕೆಲಸದ ಗಾಡಿ ಥರ ಇದೆ ಅಂತ. ಹೊರೋದು ಮಾತ್ರ ಕಡಿಮೆ.

ಲೈಟ್ನಿಂಗ್‌ನಿಂದ ಒಂದು ಮಾತ್ರ ಕದೀಬೇಕು. ಅದರ ಹಿಂದೆ ಪ್ಲಗ್ ಪಾಯಿಂಟ್ ಇದೆ, 9.6 ಕಿಲೋವಾಟ್ ವರೆಗೂ ಹೊರಗೆ ಕೊಡುತ್ತೆ. ಇದನ್ನ ಅಪ್ಪನಿಗೆ ತೋರ್ಸಿದಾಗ "ಬೋರ್ ಓಡುತ್ತಾ?" ಅಂದ್ರು. ನಮ್ಮದು ತ್ರೀ ಫೇಸ್ ಮೋಟಾರ್, ಓಡಲ್ಲಪ್ಪ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಔಷಧಿ ಹೊಡೆಯೋ ಮೋಟಾರ್?" ಅಂದ್ರು. ಅದು ಆರಾಮಾಗಿ ಓಡುತ್ತೆ. ಇಡೀ ಚರ್ಚೇಲಿ ಅವರ ಮುಖ ಅರಳಿದ್ದು ಅದೊಂದಕ್ಕೇ.

ಕೊನೆಗೆ ನಾನು ಹೇಳಿದ್ದು ಇದು: ಈಗ ಹೊಸ ಡೀಸೆಲ್ ಗಾಡಿಗೆ ಐದು ವರ್ಷದ ಸಾಲ ಬೇಡ. ಹಳೇ ಎಂಜಿನ್ ಕೆಲಸ ಮಾಡ್ಸಿ ಎಫ್‌ಸಿ ಮಾಡಿಸೋಣ, ಚೆನ್ನೈಗೆ ಅದೇ ಹೋಗ್ಲಿ, ಎರಡು ವರ್ಷ ನೋಡೋಣ. ಚಿಕ್ಕಪ್ಪಂದು ಬರೀ ಮಂಡಿ ಓಡಾಟ, ರಾತ್ರಿ ಗಾಡಿ ಮನೆ ಮುಂದೆನೇ ನಿಲ್ಲುತ್ತೆ. ಅವರಿಗೆ ಕರೆಂಟ್ ಗಾಡೀನೇ ತಗೊಳ್ಳಿ ಅಂದೆ. ಕರೆಂಟ್ ಗಾಡಿಗೆ ಪರ್ಮಿಟ್ ರಗಳೆಯೂ ಇಲ್ಲ. ಚಿಕ್ಕಪ್ಪ "ಹಸಿರು ಬೋರ್ಡ್ ಗಾಡೀನ ಆಮೇಲೆ ಯಾರು ಕೊಳ್ತಾರೋ?" ಅಂತ ಕೇಳಿದ್ರು. ಸೆಕೆಂಡ್ ಹ್ಯಾಂಡ್ ರೇಟಿನ ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ನಿಮ್ಮನೇಲೂ ಗೂಡ್ಸ್ ಗಾಡಿ ಇದ್ರೆ ಒಂದು ತಿಂಗಳು ಬರೆದಿಟ್ಟು ಡಿಎಂ ಮಾಡಿ: ದಿನಕ್ಕೆ ಎಷ್ಟು ಕಿಮೀ, ಎಷ್ಟು ಲೋಡು, ರಾತ್ರಿ ಎಲ್ಲಿ ನಿಲ್ಲುತ್ತೆ. ಹತ್ತು ಜನರದ್ದು ಸಿಕ್ರೆ ಮುಂದಿನ ಪೋಸ್ಟಲ್ಲಿ ಹೆಸರಿಲ್ದೆ ಹಾಕ್ತೀನಿ. ಚಿಕ್ಕಪ್ಪನಿಗೂ ತೋರಿಸ್ಬೇಕು.

#ಪಿಕಪ್ #ಕರೆಂಟ್‌ಗಾಡಿ #ಕೋಲಾರ #ಟೊಮ್ಯಾಟೊಲೋಡು