ಫ್ರಾಪೆಗೆ ಎಳನೀರಿನ ಗಂಜಿ

ಏಪ್ರಿಲ್ ಬಂತೆಂದರೆ ತಿಪಟೂರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬಿಸಿ ಕಾಫಿ ಕುಡಿಯೋಕೆ ಧೈರ್ಯ ಬೇಕು. ಮನೆಯಿಂದಲೇ ಆಫೀಸ್ ಕೆಲಸ ಮಾಡುವ ನಮ್ಮಂಥವರಿಗೆ ಕಾಫಿ ಬಿಡೋಕೂ ಆಗಲ್ಲ. ಆಗ ನೆನಪಾಗೋದು ಬೆಂಗಳೂರಿನ ಕೆಫೆಗಳ ಫ್ರಾಪೆ. ಆದರೆ ಆ ಲೋಟದ ಲೆಕ್ಕ ಒಮ್ಮೆ ನೋಡಿ. ಎರಡು ಸ್ಕೂಪ್ ವೆನಿಲಾ ಐಸ್‌ಕ್ರೀಂ, ಒಂದು ಲೋಟ ಹಾಲು, ಮೂರು ಚಮಚ ಸಕ್ಕರೆ ಸೇರಿದರೆ ಸುಮಾರು 400 ಕ್ಯಾಲೊರಿ. ಅದು ಒಂದು ಊಟ, ಪಾನೀಯ ಅಲ್ಲ!

ನಮ್ಮನೆಯಲ್ಲಿ ಇದು ಬರೀ ತೂಕದ ಮಾತೂ ಅಲ್ಲ. ಹೋದ ವರ್ಷ ಅಪ್ಪನಿಗೆ ಶುಗರ್ ಅಂತ ಗೊತ್ತಾಯ್ತು. ನನ್ನದೂ ಗಡಿಯ ಹತ್ತಿರವೇ ಇದೆ ಅಂದರು ಡಾಕ್ಟರು. ಕಾಫಿ ಬಿಡಿ ಅನ್ನಲಿಲ್ಲ, ಸಕ್ಕರೆ ಬಿಡಿ ಅಂದರು.

ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತೆ. ಕರಗಿದ ಐಸ್‌ಕ್ರೀಂ ವಿಪರೀತ ಸಿಹಿ ಅನ್ನಿಸೋದು ಅದಕ್ಕೇ. ಜೊತೆಗೆ ಐಸ್ ಕರಗಿ ಕಾಫಿ ನೀರಾದಾಗ, ರುಚಿಗೆ ಅಂತ ಇನ್ನೊಂದು ಚಮಚ ಸಕ್ಕರೆ ಬೀಳುತ್ತೆ. ಪರಿಹಾರ ಸುಲಭ: ನೀರಿನ ಬದಲು ಡಿಕಾಕ್ಷನ್ನನ್ನೇ ಐಸ್ ಟ್ರೇಗೆ ಸುರಿದು ಫ್ರೀಜ್ ಮಾಡಿ. ಕರಗಿದರೂ ಅದು ಕಾಫಿಯೇ.

ಇನ್ನು ನುಣುಪು ಬೇಕಲ್ಲ? ತೆಂಗಿನ ಸೀಮೆಯವರಿಗೆ ಮೊದಲು ಹೊಳೆಯೋದು ಕಾಯಿಹಾಲು. ಅಲ್ಲೇ ಹುಷಾರಾಗಿರಿ. 100 ಮಿ.ಲೀ. ಗಟ್ಟಿ ಕಾಯಿಹಾಲಿನಲ್ಲಿ ಸುಮಾರು 200 ಕ್ಯಾಲೊರಿ, ಹೆಚ್ಚಿನದು ಕೊಬ್ಬು. ಅಷ್ಟೇ ಎಳನೀರಿನಲ್ಲಿ 20ರ ಆಸುಪಾಸು. ಎಳನೀರಿನ ತೆಳು ಗಂಜಿಯಲ್ಲೂ ಬಲಿತ ಕಾಯಿಗಿಂತ ಕೊಬ್ಬು ಬಹಳ ಕಡಿಮೆ. ಐಸ್‌ಕ್ರೀಂ ಮಾಡುವ ಕೆಲಸವನ್ನು ಈ ಗಂಜಿ ಮಾಡುತ್ತೆ.

ಒಂದು ಲೋಟಕ್ಕೆ ಹೀಗೆ ಮಾಡಿ. ಫಿಲ್ಟರ್‌ನಲ್ಲಿ ಇಳಿಸಿದ ಗಟ್ಟಿ ಡಿಕಾಕ್ಷನ್ 60 ಮಿ.ಲೀ. ಹಿಂದಿನ ರಾತ್ರಿಯೇ ಫ್ರೀಜರಿಗಿಡಿ. ಸಕ್ಕರೆಯಿಲ್ಲದ ಐಸ್ ಕಲ್ಲಿನಂತಿರುತ್ತೆ, ಹಾಗಾಗಿ ಎರಡು ನಿಮಿಷ ಹೊರಗಿಟ್ಟು ಮಿಕ್ಸಿಗೆ ಹಾಕಿ. ತಣ್ಣನೆಯ ಎಳನೀರು 100 ಮಿ.ಲೀ., ಮೂರು ದೊಡ್ಡ ಚಮಚ ಗಂಜಿ, ಒಂದು ಚಿಟಿಕೆ ಏಲಕ್ಕಿ ಪುಡಿ ಸೇರಿಸಿ ತಡೆತಡೆದು ತಿರುಗಿಸಿ. ನೊರೆ ಬಂದರೆ ಸಾಕು. ಒಟ್ಟು 100 ಕ್ಯಾಲೊರಿಯ ಆಚೀಚೆ. ಬೆಲ್ಲ ಹಾಕೋ ಆಸೆಯಾದರೆ ನೆನಪಿರಲಿ, ರಕ್ತದ ಸಕ್ಕರೆಗೆ ಬೆಲ್ಲವೂ ಸಕ್ಕರೆಯೇ.

ಅಮ್ಮನ ತಕರಾರು ಬೇರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಬಲಿಯಬೇಕು, ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಬೇಕು, ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಗಬೇಕು. "ಒಂದು ಎಳನೀರು ಕಿತ್ರೆ ಒಂದು ಕೊಬ್ಬರಿ ಹೋಯ್ತು" ಅಂತಾಳೆ. ಮಾತು ಸುಳ್ಳಲ್ಲ, ನನ್ನ ಓದು ನಡೆದದ್ದೇ ಆ ಕೊಬ್ಬರಿ ದುಡ್ಡಲ್ಲಿ. ಅದಕ್ಕೇ ಒಪ್ಪಂದ ಮಾಡಿಕೊಂಡಿದ್ದೀವಿ: ವಾರಕ್ಕೆ ಒಂದೇ ಕಾಯಿ, ಎರಡು ಲೋಟ, ಅಪ್ಪನಿಗೊಂದು, ನನಗೊಂದು. ಉಳಿದ ದಿನ ಎಳನೀರಿನ ಬದಲು 100 ಮಿ.ಲೀ. ಟೋನ್ಡ್ ಹಾಲು. ಅದು ಸುಮಾರು 60 ಕ್ಯಾಲೊರಿ.

ಎಳನೀರಿನಲ್ಲೂ ಸ್ವಲ್ಪ ಸಕ್ಕರೆ ಇದೆ, ಪೊಟ್ಯಾಸಿಯಂ ಧಾರಾಳವಾಗಿದೆ. ಶುಗರ್ ಇರುವವರು ಅಳತೆ ಮೀರಬೇಡಿ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ.

ಇವತ್ತು ರಾತ್ರಿ ಮಲಗುವ ಮುಂಚೆ ಒಂದು ಟ್ರೇ ಡಿಕಾಕ್ಷನ್ ಫ್ರೀಜರಿಗಿಡಿ. ನಾಳೆ ಮೂರು ಗಂಟೆಯ ಮೀಟಿಂಗ್ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತೆ.